ಹುನ್ನೂರಕರ ಮಾಸ್ತರರು ಕಿತ್ತ ಕಸ

ಜಮಖಂಡಿಯ ಹೈಸ್ಕೂಲಿನಲ್ಲಿ ಪ್ರಹ್ಲಾದ ಹುನ್ನೂರಕರ ಮಾಸ್ತರರು ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದರು. ಎಂಟನೆಯ ಇಯತ್ತೆಯ ‘ಸಮತೋಲನ ಆಹಾರ’ ಪಾಠವನ್ನು ಅವರೇ ಮಾಡಬೇಕು ಎಂಬಷ್ಟು ಹೆಸರಾಗಿತ್ತು. ಬಣ್ಣದ ಖಡು ಹಿಡಿದು ಬೋರ್ಡಿನ ಮೇಲೆ ಒಂದು ಗಜ್ಜರಿ, ಒಂದು ಟೊಮ್ಯಾಟೊ, ಒಂದು ಕಟ್ಟು ಪಾಲಕ ಬಿಡಿಸಿ, ಒಂದೊಂದರಿಂದಲೂ ಬಾಣ ಎಳೆದು, ಯಾವುದರಲ್ಲಿ ಯಾವ ಜೀವಸತ್ವ ಎಂದು ಬರೆಯುತ್ತಿದ್ದರು. ಅವರ ಗಜ್ಜರಿ ಎಷ್ಟು ಚೆಂದ ಬರುತ್ತಿತ್ತೆಂದರೆ ಮುಂದಿನ ತಾಸಿಗೆ ಬಂದ ಗಣಿತದ ಮಾಸ್ತರರು ಅದನ್ನು ಅಳಿಸಲು ಹಿಂದೆಮುಂದೆ ನೋಡುತ್ತಿದ್ದರು. ಆದರೆ ಗಜ್ಜರಿ ನೆಲದೊಳಗೆ ಹೇಗೆ ನಿಂತಿರುತ್ತದೆ ಎಂಬುದನ್ನು ಮಾಸ್ತರರು ತಮ್ಮ ನಲವತ್ತೇಳು ವರ್ಷಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಊಟವೆಂದರೆ ಕೈಕಾಲು ತೊಳೆದು ಮಣೆಯ ಮೇಲೆ ಕೂತೊಡನೆ ತಾಟಿನಲ್ಲಿ ಬಂದು ಬೀಳುವಂಥದ್ದು. ಅದು ಎಲ್ಲಿಂದ ಬಂತು ಎಂಬ ವಿಚಾರ ಅಡುಗೆಮನೆಯ ಹೊಸ್ತಿಲಿನಾಚೆ ಎಂದೂ ಹೋಗಿರಲಿಲ್ಲ. ಮುಂದೆ ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ ತಾವೇ ಹೇಳಿಕೊಳ್ಳುವಾಗ ಮಾಸ್ತರರು ಇಲ್ಲಿಂದಲೇ ಶುರು ಮಾಡುತ್ತಿದ್ದರು.

ಚಿಕ್ಕಪಡಸಲಗಿಯ ಬ್ಯಾರೇಜು ಆದ ಎರಡನೆಯ ವರ್ಷ ಅವರು ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಅಲ್ಲಿಯವರೆಗೆ ಹಳೇ ಊರಿನ ಒಂದು ವಾಡೆಯ ಎರಡು ಖೋಲಿಗಳಲ್ಲಿ ಸಂಸಾರ. ಅಲ್ಲಿ ಹಸಿರು ಎಂದರೆ ಕಟ್ಟೆಯ ಮೇಲಿನ ತುಳಸಿಯೊಂದೇ. ಹೊಸ ಮನೆಯ ಹಿಂದೆ ಮೂವತ್ತು ಅಡಿ ಉದ್ದದ ಹಿತ್ತಿಲು, ಒಳ್ಳೆ ಕಪ್ಪು ಎರಿ ಮಣ್ಣು. ಅದನ್ನು ನೋಡಿದ್ದೇ ಮಾಸ್ತರರಿಗೆ ತಮ್ಮೊಳಗೆ ಇಷ್ಟು ದಿನ ಒಬ್ಬ ರೈತ ಸುಮ್ಮನೆ ಕೂತಿದ್ದನೆಂದು ಖಾತ್ರಿಯಾಯಿತು. ಬೆಳಗಾವಿಗೆ ಪೇಪರ್ ತಪಾಸಣೆಗೆ ಹೋದಾಗ ಕೋಬಿ, ನವಲಕೋಲ, ಗಜ್ಜರಿಗಳ ಬೀಜದ ಪಾಕೀಟು ತಂದರು. ತೋಟಗಾರಿಕೆಯ ಒಂದು ಪುಸ್ತಕವನ್ನೂ ತಂದು ಅದಕ್ಕೆ ಖಾಕಿ ರಟ್ಟು ಹಾಕಿದರು.

ಸ್ಟಾಫ್ ರೂಮಿನಲ್ಲಿ ಸಮಾಜ ವಿಜ್ಞಾನದ ಮಾಸ್ತರ ಅಂದಾನೆಪ್ಪ ಅದನ್ನು ತಿರುವಿ ನೋಡಿದ. ಹೊಳೆದಂಡೆಯ ರೈತರ ಮನೆತನದವನು, ರಜೆ ಬಂತೆಂದರೆ ಈಗಲೂ ಹೊಲಕ್ಕೆ ಹೋಗುವವನು.

“ಸರ್, ಈ ಎರಿ ಮಣ್ಣಾಗ ಗಜ್ಜರಿ ಉದ್ದ ಇಳಿಯಂಗಿಲ್ರಿ. ಕೋಬಿ ಅಂತೂ ಈ ಬಿಸಲಾಗ ಹುಟ್ಟಂಗೇ ಇಲ್ಲ. ಪುಂಡಿ ಹಾಕ್ರಿ, ಮೆಂತೆ ಹಾಕ್ರಿ, ತಾವ ಬರ್ತಾವು” ಎಂದ.

“ತಾವಾಗೇ ಬರೂದನ್ನ ಯಾರರೆ ಬೆಳೀತಾರ, ಅಂದಾನೆಪ್ಪ. ನಾ ಮಾಡೂದು ಶಾಸ್ತ್ರೀಯ ಪದ್ಧತಿ” ಎಂದರು ಮಾಸ್ತರರು.

ಶಾಸ್ತ್ರೀಯ ಪದ್ಧತಿ ಮೇ ತಿಂಗಳ ಸೂಟಿಯಲ್ಲಿ ಆರಂಭವಾಯಿತು. ಮಾಸ್ತರರು ದಾರ ಹಿಡಿದು ನೆಟ್ಟಗೆ ಮಡಿ ಮಾಡಿದರು, ಬಚ್ಚಲ ನೀರು ತಿರುಗಿಸಿದರು, ಒಂದೊಂದು ಮಡಿಗೂ ಬೀಜದ ಹೆಸರು ಬರೆದ ರಟ್ಟು ನೆಟ್ಟರು. ಮೊದಲು ಮೇಲೆದ್ದು ಕಂಡದ್ದು ಆ ರಟ್ಟುಗಳೇ, ಕೊನೆಯವರೆಗೂ ಕಂಡದ್ದೂ ಅವೇ. ಕೋಬಿಯ ಇಪ್ಪತ್ತು ಬೀಜಗಳಲ್ಲಿ ಮೂರು ಹುಟ್ಟಿದವು. ಮೂರನ್ನೂ ಹುಳ ತಿಂದಿತು. ನವಲಕೋಲ ಅಂಗಿಯ ಗುಂಡಿಯಷ್ಟಾಗಿ ನಿಂತುಬಿಟ್ಟಿತು. ಗಜ್ಜರಿಯೊಂದನ್ನು ತಾಳಲಾರದೆ ಮುಂಚೆಯೇ ಕಿತ್ತು ನೋಡಿದರೆ ಅದು ಐದು ಬೆರಳು ಮಡಚಿದ ಮಗುವಿನ ಮುಷ್ಟಿಯ ಹಾಗಿತ್ತು.

ಕಸ ಮಾತ್ರ ಭರಪೂರ ಬಂತು. ಜೂನಿನ ಎರಡು ಮಳೆ ಬಿದ್ದದ್ದೇ ತಡ, ಮಡಿಯಲ್ಲಿ, ಮಡಿಯ ನಡುವಿನ ದಾರಿಯಲ್ಲಿ, ಗೋಡೆಯ ಸಂದಿಯಲ್ಲಿ ಬೆಳೆಯಿತು. ಮಾಸ್ತರರು ಸಾಲೆಯಿಂದ ಬಂದವರೇ ಧೋತರ ಕಚ್ಚೆ ಹಾಕಿ ಕುಕ್ಕರುಗಾಲಿನಲ್ಲಿ ಕೂತು ಕೀಳತೊಡಗಿದರು. ತೋಟಗಾರಿಕೆಯಲ್ಲಿ ತಮಗೆ ನಿಜವಾಗಿ ಕೈವಶವಾದದ್ದು ಇದೊಂದೇ ಎಂದು ಅವರಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಬೇರು ಹರಿಯದಂತೆ ಹಗುರ ಎತ್ತಿ, ಮಣ್ಣು ಝಾಡಿಸಿ, ಬುಟ್ಟಿ ತುಂಬಿಸಿ, ಹಿಂದಿನ ಗೋಡೆಯಾಚೆ ಎಸೆಯುವರು. ಕೈ ತೊಳೆದು ಒಳಗೆ ಬಂದು, “ಇವತ್ತು ಎರಡು ಬುಟ್ಟಿ ಆತು” ಎಂದು ಹೆಂಡತಿ ವತ್ಸಲಾಬಾಯಿಗೆ ಹೇಳುವರು. ಆಕೆ “ಹೌದೇನ್ರಿ” ಎಂದು ಚಹಾ ಕೊಡುವರು.

ಆ ದಿನಗಳಲ್ಲಿ ಮನೆಯ ಊಟದ ರುಚಿ ಯಾಕೋ ಏರಿತ್ತು. ವಾರಕ್ಕೆ ಮೂರು ಸಲವಾದರೂ ತಪ್ಪಲ ಪಲ್ಲೆ, ಒಂದೊಂದು ಸಲ ಒಂದೊಂದು ಸೊಪ್ಪು. ಒಮ್ಮೆ ತುಸು ಹುಳಿಯಾದ, ದಪ್ಪ ಎಲೆಯ ಪಲ್ಲೆ ಹೆಸರುಬೇಳೆಯಲ್ಲಿ ಬೆಂದು ಬರುತ್ತಿತ್ತು. ಮತ್ತೊಮ್ಮೆ ಬಳ್ಳೊಳ್ಳಿಯಿಲ್ಲದ ಬರೀ ಒಗ್ಗರಣೆಯಲ್ಲಿ ಬಾಡಿಸಿದ, ಬೆಣ್ಣೆಯ ಹಾಗೆ ಕರಗುವ ಪಲ್ಲೆ. ಮಾಸ್ತರರು ಮೂರನೆಯ ಭಕ್ಕರಿ ಕೇಳಿ ಹಾಕಿಸಿಕೊಂಡರು.

“ಎಲ್ಲೀದು ಇದು? ಸಂತಿದಂತೂ ಅಲ್ಲ.”

“ಅನಸವ್ವ ತಂದು ಕೊಡ್ತಾಳ. ನಾ ಉಪ್ಪಿನಕಾಯಿ ಕೊಡ್ತೀನಿ” ಎಂದರು ವತ್ಸಲಾಬಾಯಿ.

ಅನಸವ್ವನೆಂದರೆ ಬಡಾವಣೆಯ ಆಚೆ ಹೊಲಗಳಲ್ಲಿ ಕಸ ತೆಗೆಯಲು ಹೋಗುವ ಹೆಂಗಸು. ಅರವತ್ತರ ಹತ್ತಿರದವಳು, ಹಿತ್ತಲ ಬಾಗಿಲಿಗೆ ಬಂದು ಮಾತಾಡಿ ಹೋಗುತ್ತಿದ್ದಳು. ಮಾಸ್ತರರಿಗೆ ವಿಷಯ ಸಿಕ್ಕಿತು. ಮರುದಿನ ಡಬ್ಬಿಯನ್ನು ಸ್ಟಾಫ್ ರೂಮಿನ ಟೇಬಲ್ ಮೇಲೆ ತೆರೆದಿಟ್ಟು, ಹೊಲದ ಗಾಳಿ, ಹೊಲದ ಮಣ್ಣು, ರಾಸಾಯನಿಕ ಗೊಬ್ಬರ ಕಾಣದ ನೆಲದ ಸತ್ವ ಎಂದು ಅರ್ಧ ತಾಸು ವಿವರಿಸಿದರು. ಅಂದಾನೆಪ್ಪ ಒಂದು ತುತ್ತು ತಿಂದು, “ಗೋಳಿ ಪಲ್ಲೆ ಐತಿ. ಛಲೋ ಐತಿ” ಎಂದಷ್ಟೇ ಹೇಳಿ ತನ್ನ ರೊಟ್ಟಿಯ ಗಂಟು ಬಿಚ್ಚಿದ.

ಜುಲೈ ಎರಡನೆಯ ವಾರದ ಒಂದು ಬೆಳಿಗ್ಗೆ ಮಾಸ್ತರರು ಬುಟ್ಟಿ ಖಾಲಿ ಮಾಡಲು ಗೋಡೆಯ ಬಳಿ ಹೋಗಿ ತೋಳು ಎತ್ತಿದರು. ಎಸೆಯಬೇಕು, ಅಷ್ಟರಲ್ಲಿ ಗೋಡೆಯಾಚೆಯಿಂದ ಯಾರೋ ಕೆಮ್ಮಿದರು. ಬಗ್ಗಿ ನೋಡಿದರೆ ಅನಸವ್ವ ಅವರ ಕಸದ ಗುಂಪಿಯ ಮುಂದೆ ಕಾಲು ಚಾಚಿ ಕೂತು, ಸೆರಗು ಹಾಸಿಕೊಂಡು, ಒಂದೊಂದೇ ಗಿಡ ಎತ್ತಿ ಬೇರು ಚಿವುಟಿ ಬೇರೆ ಬೇರೆ ಇಡುತ್ತಿದ್ದಳು.

“ಏನ್ ಮಾಡ್ಲಿಕ್ಹತ್ತೀ, ಅನಸವ್ವ?”

“ಪಲ್ಲೆ ಆರಸಾಕತ್ತೇನ್ರಿ ಯಪ್ಪಾ. ಇವತ್ತಿಂದೂ ಒಗೀರಿ, ಬಾಡೂದರಾಗ ಒಳಗ ಕೊಟ್ಟ ಹೊಕ್ಕೇನಿ.”

“ಒಳಗ ಅಂದ್ರ?”

“ಒಳಗ ಅಂದ್ರ ಒಳಗರಿ. ನಿಮ್ಮ ಬಾಯಾರಿಗೆ.”

ಮಾಸ್ತರರ ಕೈ ಬುಟ್ಟಿ ಹಿಡಿದುಕೊಂಡೇ ಗಾಳಿಯಲ್ಲಿ ನಿಂತಿತು. ಅನಸವ್ವ ಅವರ ಮುಖ ನೋಡಿ, ಏನೋ ತಪ್ಪಾಯಿತೆಂದು ಸಮಾಧಾನ ಹೇಳುವವಳಂತೆ, “ಇದು ನೋಡ್ರಿ ಗೋಳಿ. ಇದು ಕಿರಕಸಾಲಿ. ಇದು ಹತ್ತರಕಿ. ಎಲ್ಲಾ ನಿಮ್ಮ ಹಿತ್ತಲದಾವು. ಖರೆ ಹೇಳತೇನ್ರಿ, ನಿಮ್ಮಂಗ ಬೇರ ಸಹಿತ ಸಾಫ ಕೀಳು ಆಳು ನಮ್ಮ ಗುಂಪಿನಾಗ ಒಬ್ಬಾಕಿನೂ ಇಲ್ಲ” ಎಂದಳು.

ಮಾಸ್ತರರು ಬುಟ್ಟಿಯನ್ನು ಮೆಲ್ಲಗೆ ಅವಳ ಕೈಗೆ ಇಳಿಸಿ ಅಡುಗೆಮನೆಗೆ ಬಂದರು.

“ನಾ ಕಿತ್ತು ಒಗದಿದ್ದನ್ನ ನಾನ ಉಣ್ಣಲಿಕ್ಹತ್ತೀನಿ ಅನ್ನೂದು ನಿನಗ ಗೊತ್ತಿತ್ತೇನು?”

“ಗೊತ್ತಿತ್ತು” ಎಂದರು ವತ್ಸಲಾಬಾಯಿ, ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯದೆ. “ಅಕಿ ಮೊದಲನೇ ದಿನಾನ ಹೇಳಿದ್ಲು.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಕೀಳೂದು ಬಿಡ್ತಿದ್ರಿ. ಇಲ್ಲಾ ನನಗ ಪಾಠ ಹೇಳ್ತಿದ್ರಿ. ಎರಡೂ ಬ್ಯಾಡಾಗಿತ್ತು.”

ಮಾಸ್ತರರು ಹಿತ್ತಲ ಮೆಟ್ಟಿಲ ಮೇಲೆ ಬಂದು ಕೂತರು. ಗೋಳಿಯ ಒಂದು ಎಳೆ ಗೋಡೆಯ ಬುಡದಲ್ಲಿ ಉಳಿದಿತ್ತು. ಕೈಯಲ್ಲಿ ಹಿಡಿದು ತಿರುಗಿಸಿದಾಗ ಕೆಂಪು ದಂಟು, ತುದಿ ಮೊಂಡಾದ ರಸಭರಿತ ಎಲೆ. ಶಾಸ್ತ್ರದ ಹೆಸರು ನೆನಪಾಯಿತು. ಇದು ಪೋರ್ಚುಲಾಕಾ! ಧಾರವಾಡದ ಕಾಲೇಜಿನಲ್ಲಿ ಬಿ.ಎಸ್ಸಿ. ಪ್ರ್ಯಾಕ್ಟಿಕಲ್ಲಿಗೆ ಇದರ ಚಿತ್ರ ಬಿಡಿಸಿ, ಹೂವಿನ ಅಡ್ಡ ಸೀಳು ತೋರಿಸಿ, ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕ ತಗೊಂಡಿದ್ದರು. ಇಪ್ಪತ್ತಾರು ವರ್ಷಗಳ ಮೇಲೆ ಅದೇ ಗಿಡವನ್ನು ಒಂದು ತಿಂಗಳು ಕಿತ್ತೆಸೆದು, ಅದನ್ನೇ ಉಪ್ಪಿನಕಾಯಿ ಕೊಟ್ಟು ಒಳಗೆ ತರಿಸಿ, ಹೊಲದ ಗಾಳಿಯ ರುಚಿ ಎಂದು ಭಾಷಣ ಮಾಡಿದ್ದರು. ಆ ಒಂದು ಅಂಕವನ್ನು ಕಳೆದ ಪರೀಕ್ಷಕರು ದೂರದೃಷ್ಟಿಯವರಿರಬೇಕು ಎನ್ನಿಸಿತು. ನಗು ಬಂತು. ನಕ್ಕರೆ ವತ್ಸಲಾಬಾಯಿಗೆ ಕೇಳೀತೆಂದು ಕೆಮ್ಮಿದರು.

ಹೋಗಲಿ, ಇನ್ನಾದರೂ ಕಲಿಯೋಣವೆಂದು ಅನಸವ್ವನನ್ನು ಕೇಳಿದರು. ಅವಳಿಗೆ ಅವರು ಕೇಳುತ್ತಿರುವುದು ಏನೆಂದೇ ಮೊದಲು ತಿಳಿಯಲಿಲ್ಲ.

“ಕಲಸೂದೇನೈತ್ರಿ ಇದರಾಗ? ಕಂಡರ ಕಿತ್ತಬೇಕು.”

“ನನಗ ಕಾಣಂಗಿಲ್ಲಲ್ಲ, ಅದಕ್ಕ ಕೇಳ್ಲಿಕ್ಹತ್ತೀನಿ.”

ಅವಳು ಸ್ವಲ್ಪ ಹೊತ್ತು ಅವರ ಕನ್ನಡಕ ನೋಡಿದಳು. “ಐತಾರ ಶೇಂಗಾ ಹೊಲಕ್ಕ ಹೊಂಟೇವ್ರಿ. ಬರ್ರಿ ಹಂಗಾರ.”

ಆ ವಾರವಿಡೀ ಮಾಸ್ತರರು ತಯಾರಿ ನಡೆಸಿದರು. ಎರಡು ನೂರು ಪುಟದ ವಹಿಗೆ ಕಂಬ ಎಳೆದು ಊರ ಹೆಸರು, ಶಾಸ್ತ್ರದ ಹೆಸರು, ಎಲೆಯ ಆಕಾರ, ರುಚಿ ಎಂದು ತಲೆಬರಹ ಬರೆದರು. ಹಳೆಯ ಸಸ್ಯಶಾಸ್ತ್ರದ ಪುಸ್ತಕ ಹುಡುಕಿ ತೆಗೆದು ಊಟಕ್ಕೆ ಕೂತಾಗಲೂ ತೊಡೆಯ ಮೇಲಿಟ್ಟುಕೊಂಡರು. ರವಿವಾರ ಬೆಳಿಗ್ಗೆ ಛತ್ರಿ, ವಹಿ, ಎರಡು ಪೆನ್ನು, ನೀರಿನ ತಂಬಿಗೆ ಹಿಡಿದು ಹೆಂಗಸರ ಗುಂಪಿನ ಹಿಂದೆ ನಡೆದರು.

ಹೊಲದಲ್ಲಿ ಅನಸವ್ವ ಸಾಲು ಹಿಡಿದು ಕೂತಳು. ಕುರಪಿ ಹಿಡಿದ ಬಲಗೈ ಕಸ ತೆಗೆಯುತ್ತಿತ್ತು. ಎಡಗೈ ತನ್ನಷ್ಟಕ್ಕೆ ಅದರೊಳಗಿಂದ ಕೆಲವನ್ನು ಎತ್ತಿ ಸೆರಗಿಗೆ ಹಾಕಿಕೊಳ್ಳುತ್ತಿತ್ತು. ಕಣ್ಣು ಮಾತ್ರ ಪಕ್ಕದವಳ ಮೇಲೆ, ಬಾಯಿ ಯಾರದೋ ಮದುವೆಯ ಸುದ್ದಿಯಲ್ಲಿ. ಮಾಸ್ತರರು ಒಂದು ಹೆಸರು ಬರೆದು ತಲೆ ಎತ್ತುವುದರೊಳಗೆ ಅವಳು ಹತ್ತು ಮಾರು ಮುಂದೆ. ನಾಲ್ಕು ಸಲ ಹೀಗಾದ ಮೇಲೆ ವಹಿಯನ್ನು ಛತ್ರಿಯ ಕೆಳಗೆ ಮುಚ್ಚಿಟ್ಟು ಅವರೂ ಕೀಳಲು ಕೂತರು. ಎರಡು ತಾಸಿನಲ್ಲಿ ಸೊಂಟ ಹಿಡಿಯಿತು, ಅಂಗೈ ಕೆರೆಯಿತು, ಆದರೆ ಹೆಗಲ ಟವೆಲ್ಲು ತುಂಬಿತು. ನೆಲಕ್ಕಂಟಿ ಹರಡಿದ, ಅಂಚು ಕತ್ತರಿಸಿದಂಥ ಎಲೆಯ ಹತ್ತರಕಿ ಅದು. ಇಷ್ಟೊಂದು ಹತ್ತರಕಿ ಗುಂಪಿನಲ್ಲಿ ಇನ್ನಾರಿಗೂ ಸಿಕ್ಕಿರಲಿಲ್ಲ.

ಅನಸವ್ವ ಟವೆಲ್ಲು ಬಿಚ್ಚಿ ನೋಡಿದಳು. ಉಳಿದ ಹೆಂಗಸರನ್ನೂ ಕರೆದಳು.

“ಯಪ್ಪಾ, ಇದು ಕಾಂಗ್ರೆಸ್ ಕಸರಿ! ಇದನ್ನ ಎಮ್ಮಿನೂ ಮೂಸಂಗಿಲ್ಲ. ಕೈ ತಿಂಡಿ ಬಿಡಲಿಲ್ಲೇನು ನಿಮಗ?”

“ಬಿಟ್ಟದ” ಎಂದು ಮಾಸ್ತರರು ತುರಿಸಿ ಕೆಂಪಾದ ಅಂಗೈ ತೋರಿಸಿದರು. ಹೆಂಗಸರು ಕುರಪಿ ಕೆಳಗಿಟ್ಟು ನಕ್ಕರು. ಟವೆಲ್ಲು ಕೊಡವಿದಾಗ ಅದರೊಳಗೆ ಖರೆ ಹತ್ತರಕಿ ಮೂರೇ ಎಲೆ ಇತ್ತು. ಅನಸವ್ವ ಒಂದನ್ನು ಮುರಿದು, ಒಸರಿದ ಹಾಲು ತೋರಿಸಿ, “ಹಾಲ ಬಂದರ ಇದು, ಇಲ್ಲಂದ್ರ ಅಲ್ಲ” ಎಂದಳು. ಮಾಸ್ತರರು ಇದನ್ನು ವಹಿಯಲ್ಲಿ ಬರೆಯಲಿಲ್ಲ. ಮರೆಯುವ ಹಾಗೂ ಇರಲಿಲ್ಲ.

ಮಧ್ಯಾಹ್ನ ಬೇವಿನ ಗಿಡದ ನೆರಳಿಗೆ ಎಲ್ಲರೂ ರೊಟ್ಟಿಯ ಗಂಟು ಬಿಚ್ಚಿದರು. ಮಾಸ್ತರರು ಛತ್ರಿ, ಪೆನ್ನು ತಂದಿದ್ದರೇ ಹೊರತು ಬುತ್ತಿ ತಂದಿರಲಿಲ್ಲ. ಸ್ವಲ್ಪ ದೂರ ಸರಿದು ಕೂತು ನೀರು ಕುಡಿದರು. ಅನಸವ್ವ ಒಂದೆರಡು ಸಲ ಅವರತ್ತ ನೋಡಿದಳು.

“ನಮ್ಮ ರೊಟ್ಟಿ ನಿಮಗ ನಡಿತೈತೇನ್ರಿ, ಮಾಸ್ತರ್ರ?”

“ನಡೀತದ” ಎಂದರು ಮಾಸ್ತರರು. ಹೇಳುವ ಮುಂಚೆ ಒಂದು ಗಳಿಗೆ ತಡೆದರು, ಆ ತಡೆದದ್ದಕ್ಕೆ ನಾಚಿಕೊಂಡರು.

ಕಟಕಟ ಜೋಳದ ರೊಟ್ಟಿ, ಅದರ ಮೇಲೆ ಖಾರ ಬೆರೆಸಿ ಕುಟ್ಟಿದ ಗುರೆಳ್ಳ ಹಿಂಡಿ, ತುಸು ಎಣ್ಣೆ, ತಂಬಿಗೆಯ ನೀರಿನಲ್ಲಿ ತೊಳೆದ ಹಸಿ ಹತ್ತರಕಿ. ಮೊದಲು ಬಾಯಿಗೆ ಕಹಿ ಬಂತು, ಹಿಂದೆಯೇ ತಂಪು, ಆಮೇಲೆ ಹಿಂಡಿಯ ಖಾರ ಎರಡನ್ನೂ ಒಂದು ಮಾಡಿತು. ಅವರು ಕಿತ್ತ ಮೂರು ಎಲೆಗಳನ್ನು ಅನಸವ್ವ ಬೇರೆ ಇಟ್ಟುಕೊಟ್ಟಿದ್ದಳು. ಆ ಮೂರನ್ನು ಮಾಸ್ತರರು ಕಡೆಗೆ ಉಳಿಸಿಕೊಂಡು ಬಹಳ ಹೊತ್ತು ಅಗಿದರು. ಎರಡು ತಾಸು ಸೊಂಟ ಮುರಿದು ತಾವು ದುಡಿದದ್ದು ಮೂರು ಎಲೆ. ಹಾಗಾದರೆ ಇಷ್ಟು ವರ್ಷ ತಾಟಿಗೆ ಬಂದು ಬಿದ್ದದ್ದೆಲ್ಲ ಯಾರ ಸೊಂಟದ್ದು ಎಂಬ ಲೆಕ್ಕ ಮನಸ್ಸಿಗೆ ಬಂತು. ಅನಸವ್ವ ನೀರು ಮುಂದೆ ಮಾಡಿದಳು.

ಮನೆಗೆ ಬಂದಾಗ ಎರಡು ಗಂಟೆ. ಬಾಗಿಲಲ್ಲೇ ಎಲ್ಲವನ್ನೂ ಹೇಳಲು ಬಾಯಿ ತೆರೆದರು. ವತ್ಸಲಾಬಾಯಿ ಅವರ ಬಾಯಿಯನ್ನೇ ನೋಡಿದರು.

“ಹಲ್ಲಾಗ ಏನದ ಅದು, ಹಸರು?”

“ಹತ್ತರಕಿ! ಹಸೀದು. ಏನ್ ಹೇಳ್ಲಿ ನಿನಗ...”

“ಚಾತುರ್ಮಾಸ ಕೂತು ಐದು ದಿನಾತು. ಶಾಕವ್ರತ ನಡದದ ಮನ್ಯಾಗ. ಈ ತಿಂಗಳ ತಪ್ಪಲ, ಕಾಯಿಪಲ್ಲೆ ಏನೂ ಮುಟ್ಟಂಗಿಲ್ಲ.”

ಶಾಕವ್ರತ ಎಂಬುದಿದೆ ಎಂದು ಮಾಸ್ತರರಿಗೆ ಗೊತ್ತಿತ್ತು, ಅದರ ಸಂಕಲ್ಪದ ಶ್ಲೋಕವೂ ಬರುತ್ತಿತ್ತು. ತಾವು ಅದನ್ನು ಆಚರಿಸುತ್ತಿದ್ದೇವೆ ಎಂಬುದು ಮಾತ್ರ ಲಕ್ಷ್ಯಕ್ಕೆ ಬಂದಿರಲಿಲ್ಲ.

“ಪ್ರತಿ ವರ್ಷ ಹಿಡೀತೀ ಏನು?”

“ಈ ಮನಿತನಕ್ಕ ಬಂದಾಗಿಂದ. ಇಪ್ಪತ್ನಾಲ್ಕು ವರ್ಷ. ನಿಮ್ಮ ತಾಟಿಗೂ ಬರೇ ತೊವ್ವಿ, ಮೆಣಸಿನ ಸಾರು ಬಡಸೀನಿ. ಈ ವಾರ ಐದು ದಿನ ಅದನ್ನ ಉಂಡ್ರಿ. ಪಲ್ಲೆದ ಪುಸ್ತಕ ತೊಡಿ ಮ್ಯಾಲಿತ್ತು. ತಾಟಿನಾಗ ಪಲ್ಲೆ ಇಲ್ಲ ಅನ್ನೂದು ನಿಮಗ ಕಾಣಲಿಲ್ಲ.”

ಹೇಳುತ್ತ ಹೇಳುತ್ತ ಆಕೆಗೆ ನಗು ತಡೆಯಲಾಗಲಿಲ್ಲ. ಮಾಸ್ತರರೂ ಚಪ್ಪಲಿ ಕಾಲಿನಲ್ಲೇ ಕಟ್ಟೆಯ ಮೇಲೆ ಕೂತು ಕಣ್ಣೀರು ಬರುವವರೆಗೆ ನಕ್ಕರು. ನಗು ನಿಂತ ಮೇಲೆ ಅವರೇ, “ಏನರೆ ಪ್ರಾಯಶ್ಚಿತ್ತ ಹೇಳು” ಎಂದರು.

“ವ್ರತ ಮುಗದ ಮರುದಿನ ಪಲ್ಲೆ ನೀವು ಮಾಡ್ರಿ. ಕೀಳೂದು, ಸೋಸೂದು, ಒಗ್ಗರಣಿ, ಎಲ್ಲಾ. ನಾ ಮಣಿ ಮ್ಯಾಲೆ ಕೂತಿರ್ತೀನಿ.”

ಆ ತಿಂಗಳು ಮಾಸ್ತರರು ಹಿತ್ತಲಲ್ಲಿ ಒಂದು ಎಳೆ ಕಸ ಕೀಳಲಿಲ್ಲ. ಕೋಬಿಯ ಮಡಿಗೆ ಹೋಗುತ್ತಿದ್ದ ನೀರನ್ನು ಗೋಳಿಗೆ ತಿರುಗಿಸಿದರು. ಪಕ್ಕದ ಮನೆಯ ಸಾತಪ್ಪ ಗೋಡೆಯ ಮೇಲಿಂದ ಇಣುಕಿ, “ಮಾಸ್ತರ್ರ, ಹಿತ್ತಲ ಅಡವಿ ಬಿತ್ತಲ್ಲರಿ, ಆಳು ಕಳಸ್ಲೇನು?” ಎಂದು ಕಳಕಳಿಯಿಂದ ಕೇಳಿದ. ಬೇಡವೆಂದು ಹೇಳಿ ತಪ್ಪಿಸಿಕೊಳ್ಳುವಷ್ಟರಲ್ಲಿ ಸಾಕಾಯಿತು.

ವ್ರತ ಮುಗಿದ ಮರುದಿನ ಮುಂಜಾನೆ ಬುಟ್ಟಿ ತುಂಬ ಗೋಳಿ, ಕಿರಕಸಾಲಿ ಕಿತ್ತರು. ಅಂದಾನೆಪ್ಪನನ್ನು ಊಟಕ್ಕೆ ಕರೆದಿದ್ದರು. ಸೋಸುವುದಕ್ಕೇ ಎರಡು ತಾಸು ಹಿಡಿಯಿತು. ಹಳದಿ ಎಲೆ, ಬಲಿತ ದಂಟು, ಎಲೆಯ ಬೆನ್ನಿಗಂಟಿದ ಹುಳ. ಮೂರು ನೀರಿನಲ್ಲಿ ತೊಳೆದರೂ ನಾಲ್ಕನೆಯದರಲ್ಲಿ ಮಣ್ಣು. ದೊಡ್ಡ ಪಾತ್ರೆ ಮೇಲೆ ಬುಗ್ಗೆನ್ನುವಷ್ಟು ತಪ್ಪಲ ಕಂಡು, ಅದಕ್ಕೆ ತಕ್ಕ ಹಾಗೆ ಹಿಡಿ ತುಂಬ ಉಪ್ಪು ಹಾಕಿದರು. ವತ್ಸಲಾಬಾಯಿ ಮಣೆಯ ಮೇಲಿಂದ ನೋಡಿದರು, ತುಟಿ ಬಿಗಿದು ಸುಮ್ಮನಿದ್ದರು. ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದರೆ ಪಾತ್ರೆಯ ತಳದಲ್ಲಿ ಒಂದು ಬೊಗಸೆ ಪಲ್ಲೆ.

“ಉಳಿದದ್ದು ಎಲ್ಲಿ ಹೋತು?” ಎಂದರು ಮಾಸ್ತರರು, ಒಲೆಯ ಹಿಂದೆಯೂ ಬಗ್ಗಿ ನೋಡಿ.

ತಪ್ಪಲ ಕುಗ್ಗಿತ್ತು, ಉಪ್ಪು ಕುಗ್ಗಿರಲಿಲ್ಲ. ಅಂದಾನೆಪ್ಪ ಮೊದಲ ತುತ್ತಿಗೆ ಕಣ್ಣು ಮುಚ್ಚಿ, “ಛಲೋ ಆಗೇತ್ರಿ ಸರ್” ಎಂದ. ಆಮೇಲೆ ಮೂರು ಲೋಟ ನೀರು ಕುಡಿದ. ವತ್ಸಲಾಬಾಯಿ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡರು. ಮಾಸ್ತರರು ಮಾತ್ರ ತಮ್ಮ ಪಾಲನ್ನು ಪೂರ್ತಿ ಉಂಡರು. ಸೋಸಿದ ಒಂದೊಂದು ಎಲೆಯ ಮುಖವೂ ನೆನಪಿರುವಾಗ ತಾಟಿನಲ್ಲಿ ಬಿಡುವುದು ಹೇಗೆ?

ಸಂಜೆ ಹಿತ್ತಲ ಬಾಗಿಲಿಗೆ ಬಂದ ಅನಸವ್ವ ಉಳಿದ ಪಲ್ಲೆಯನ್ನು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು. “ಉಪ್ಪಿನ ಚೀಲ ಬಿತ್ತೇನ್ರಿ ಇದರಾಗ?” ಎಂದಳು. ಚೆಲ್ಲಲು ಹೊರಟ ಮಾಸ್ತರರ ಕೈಯಿಂದ ಪಾತ್ರೆ ಕಸಿದು, “ಚಲ್ಲಬ್ಯಾಡ್ರಿ, ಕೊಡ್ರಿಲ್ಲಿ” ಎಂದು ಸೆರಗಿನಡಿ ಹಿಡಿದು ಹೋದಳು.

ಮರುದಿನ ಮುಂಜಾನೆ ಪಾತ್ರೆ ತೊಳೆದು ತಂದಳು. ಅದರಲ್ಲಿ ಅರಿವೆ ಸುತ್ತಿದ ಮೂರು ರೊಟ್ಟಿ. ಉಪ್ಪು ಹಾಕದ ಜೋಳದ ಹಿಟ್ಟಿಗೆ ಆ ಪಲ್ಲೆಯನ್ನೇ ಕಲಸಿ ಬಡಿದಿದ್ದಳು. ಹಸಿರು ಚುಕ್ಕೆಯ ರೊಟ್ಟಿ ಇನ್ನೂ ಬಿಸಿಯಿತ್ತು. ಮಾಸ್ತರರು ಮುರಿದು ಬಾಯಿಗಿಟ್ಟರು. ಉಪ್ಪು ಹದಕ್ಕೆ ಬಂದಿತ್ತು.

ವತ್ಸಲಾಬಾಯಿ ಹೊಸ್ತಿಲ ಒಳಗೆ ನಿಂತಿದ್ದರು. ಅನಸವ್ವನ ಮನೆಯ ಒಲೆಯ ಮೇಲಿನ ಪದಾರ್ಥ ಈ ಹೊಸ್ತಿಲು ದಾಟಿದ್ದಿಲ್ಲ. ಮಾಸ್ತರರು ಒತ್ತಾಯ ಮಾಡಲಿಲ್ಲ, ರೊಟ್ಟಿಯನ್ನು ಪಾತ್ರೆಯ ಮೇಲೆ ಬಿಟ್ಟು ಕೈ ತೊಳೆಯಲು ಹೋದರು.

“ಪಲ್ಲೆ ನಮ್ಮದ ಅಲ್ಲ ಇದರಾಗ?” ಎಂದು ವತ್ಸಲಾಬಾಯಿ ಅನಸವ್ವನನ್ನು ಕೇಳುವುದು ಬಚ್ಚಲಿಗೆ ಕೇಳಿಸಿತು.

“ಹೂಂನ್ರಿ ಬಾಯಾರ. ನಿಮ್ಮ ಹಿತ್ತಲದ್ದ.”

ಕೈ ತೊಳೆದು ಬರುವುದರೊಳಗೆ ಪಾತ್ರೆಯಲ್ಲಿ ಅವರು ಮುರಿದ ರೊಟ್ಟಿಯ ಪಕ್ಕ ಒಂದೇ ಉಳಿದಿತ್ತು. ವತ್ಸಲಾಬಾಯಿ ಬಾಯಿ ತುಂಬಿಕೊಂಡು ಅನಸವ್ವನಿಗೆ ಉಪ್ಪಿನಕಾಯಿ ತರಲು ಒಳಗೆ ಹೋಗುತ್ತಿದ್ದರು.